ಸಹಾಯ ಬೇಕು: ಮಣ್ಣಿನ ಕಪ್ಪು ಗಂಟುಗಳ ಸುತ್ತ ಇರುವ ತುಕ್ಕಿನ ಪದರ

ಎಲ್ಲರಿಗೂ ನಮಸ್ಕಾರ. ಎಂ.ಎಸ್ಸಿ. ಪ್ರಾಜೆಕ್ಟ್‌ಗೆ ಸಂಡೂರಿನ ಗುಡ್ಡದ ಬುಡದಿಂದ ಮಣ್ಣು ತಂದಿದ್ದೇನೆ. ಮಳೆಗಾಲದಲ್ಲಿ ನೀರು ನಿಲ್ಲುವ ಹೊಲ ಅದು. ಮಣ್ಣಿನಲ್ಲಿ ಕಡಲೆ ಗಾತ್ರದ ಕಪ್ಪು ಗಂಟುಗಳಿವೆ. ಹೈಡ್ರೋಜನ್ ಪೆರಾಕ್ಸೈಡ್ ಹನಿಸಿದರೆ ಜೋರಾಗಿ ನೊರೆ ಬರುತ್ತದೆ, ಅಂದರೆ ಮ್ಯಾಂಗನೀಸ್ ಆಕ್ಸೈಡ್ ಇರಬೇಕು. ಪ್ರತಿ ಗಂಟಿನ ಸುತ್ತ ಕಿತ್ತಳೆ-ಕಂದು ಬಣ್ಣದ ತೆಳು ಪದರ. ನೋಡಲು ತುಂಬಾ ಚೆನ್ನಾಗಿದೆ!

ನನ್ನ ಪ್ರಶ್ನೆ ಆ ಪದರದ ಬಗ್ಗೆ. ನೀರು ನಿಂತು ಗಾಳಿ ಸಿಗದಿದ್ದಾಗ ಕಬ್ಬಿಣ ಫೆರಸ್ ರೂಪದಲ್ಲಿ (ನೀರಿನಲ್ಲಿ ಸುಲಭವಾಗಿ ಕರಗುವ ರೂಪ) ಕರಗುತ್ತದೆ. ಅದು ಮ್ಯಾಂಗನೀಸ್ ಡೈಆಕ್ಸೈಡ್‌ಗೆ ತಾಗಿದರೆ ಆಮ್ಲಜನಕ ಇಲ್ಲದೆಯೂ ಫೆರಿಕ್ (ತುಕ್ಕಿನಲ್ಲಿರುವ, ಸುಲಭವಾಗಿ ಕರಗದ ರೂಪ) ಆಗಿ ಅಲ್ಲೇ ಕೂರುತ್ತದೆ. ಒಂದು ಮ್ಯಾಂಗನೀಸ್ ಪರಮಾಣು ಕರಗುವಾಗ ಎರಡು ಕಬ್ಬಿಣದ ಪರಮಾಣು ಹೀಗೆ ಬದಲಾಗುತ್ತವೆ. ಪದರ ದಪ್ಪವಾದಂತೆ ಒಳಗಿನ ಮ್ಯಾಂಗನೀಸ್ ಮುಚ್ಚಿಹೋಗಿ ಕ್ರಿಯೆ ನಿಧಾನವಾಗುತ್ತದೆ. ಆದರೆ ನೀರು ಇಂಗಿ ಗಾಳಿ ಆಡಿದಾಗಲೂ ಕಬ್ಬಿಣ ತುಕ್ಕಾಗುತ್ತದೆ ಅಲ್ವಾ? ಹಾಗಾದರೆ ಈ ಪದರ ಯಾವುದರ ಕೆಲಸ ಅಂತ ಹೇಗೆ ಹೇಳುವುದು?

ಗಂಟಿನ ಪುಡಿಯನ್ನು ಫೆರಸ್ ಸಲ್ಫೇಟ್ ದ್ರಾವಣದಲ್ಲಿ ಹಾಕಿ, ಗಾಳಿ ಸೇರದಂತೆ ನೈಟ್ರೋಜನ್ ಹಾಯಿಸಿ, ಕರಗಿಬರುವ ಮ್ಯಾಂಗನೀಸ್ ಅಳೆಯುವ ಯೋಚನೆ ಇದೆ. ಪಿಎಚ್ ಎಷ್ಟರಲ್ಲಿ ಇಡಲಿ? ಸಲ್ಫೇಟ್ ಬದಲು ಕ್ಲೋರೈಡ್ ಬಳಸಿದರೆ ಹುಟ್ಟುವ ಖನಿಜವೇ ಬೇರೆಯಾಗಬಹುದು, ಅದೂ ಒಂದು ಚಿಂತೆ. ಫೆರಿಹೈಡ್ರೈಟ್ (ಹರಳು ಸರಿಯಾಗಿ ಕಟ್ಟದ ತುಕ್ಕಿನ ಖನಿಜ) ಆಗಿದ್ದರೆ, ಖನಿಜ ಗುರುತಿಸುವ ಎಕ್ಸ್-ರೇ ಪರೀಕ್ಷೆಯಲ್ಲಿ ಅಗಲವಾದ ಉಬ್ಬು ಮಾತ್ರ ಕಾಣುತ್ತದೆ. ಗೋಥೈಟ್ (ಹರಳುಗಟ್ಟಿದ ಇನ್ನೊಂದು ತುಕ್ಕಿನ ಖನಿಜ) ಜೊತೆ ಬೆರೆತಿದ್ದರೆ ಗುರುತಿಸುವುದು ಇನ್ನೂ ಕಷ್ಟ.

ಹೈಡ್ರಾಕ್ಸಿಲಮೀನ್ ಎಂಬ, ಮ್ಯಾಂಗನೀಸ್ ಆಕ್ಸೈಡ್ ಕರಗಿಸುವ ರಾಸಾಯನಿಕದಿಂದ ಮೊದಲು ಮ್ಯಾಂಗನೀಸ್ ಮಾತ್ರ ತೆಗೆದವರು ಯಾರಾದರೂ ಇದ್ದೀರಾ? ಎಷ್ಟು ಹೊತ್ತು ಕಲಕಿದಿರಿ, ಕಬ್ಬಿಣವೂ ಜಾಸ್ತಿ ಕರಗಿತಾ? ದಯವಿಟ್ಟು ತಿಳಿಸಿ. ಗಂಟುಗಳು ಸ್ವಲ್ಪವೇ ಇವೆ, ಸುಮ್ನೆ ಹಾಳುಮಾಡಲು ಮನಸ್ಸಿಲ್ಲ.