ಸಹಾಯ ಬೇಕು: 2147483647 ಅವಿಭಾಜ್ಯ ಅಂತ ಮಕ್ಕಳಿಗೆ ಹೇಗೆ ತೋರಿಸಲಿ?

ನಮಸ್ಕಾರ. ನಾನು ಬದಿಯಡ್ಕ ಕಡೆಯ ಕನ್ನಡ ಮಾಧ್ಯಮ ಶಾಲೆಯೊಂದರ ಗಣಿತ ಟೀಚರ್. ಗಣಿತ ಮೇಳಕ್ಕೆ ನಮ್ಮ ಹತ್ತನೇ ಕ್ಲಾಸಿನ ಮಕ್ಕಳು ಆರಿಸಿದ ಸಂಖ್ಯೆ ಇದು. 2ರ 31ನೇ ಘಾತದಿಂದ 1 ಕಳೆದರೆ ಸಿಗುತ್ತದೆ. ಅವಿಭಾಜ್ಯ ಅಂತ ಗಣಿತಜ್ಞ ಆಯ್ಲರ್ 1772ರಲ್ಲೇ ತೋರಿಸಿದ್ದ.

46340ರವರೆಗಿನ ಅವಿಭಾಜ್ಯಗಳಿಂದ ಭಾಗಿಸಿ ನೋಡಿದರೆ ಸಾಕು, ಅದು ಮಕ್ಕಳಿಗೆ ಗೊತ್ತು. ಆದರೆ ಅಷ್ಟಕ್ಕೆ ಯಾರಿಗೆ ತಾಳ್ಮೆ, ಅಲ್ವಾ? 248ರಿಂದ ಭಾಗಿಸಿದಾಗ 1 ಅಥವಾ 63 ಉಳಿಯುವವುಗಳನ್ನು ಮಾತ್ರ ನೋಡಿದರೂ ಆಗುತ್ತದೆ. ಇದಕ್ಕೆ ಎರಡು ಕಾರಣ. ಭಾಜಕವನ್ನು 62ರಿಂದ ಭಾಗಿಸಿದರೆ 1 ಉಳಿಯಬೇಕು. 8ರಿಂದ ಭಾಗಿಸಿದರೆ 1 ಅಥವಾ 7 ಉಳಿಯಬೇಕು. ಮೊದಲನೆಯದನ್ನು ಫರ್ಮಾನ ಕಿರು ಪ್ರಮೇಯದಿಂದ (p ಬೆಸ ಅವಿಭಾಜ್ಯವಾದರೆ, 2ರ (p − 1)ನೇ ಘಾತವನ್ನು pಯಿಂದ ಭಾಗಿಸಿದಾಗ 1 ಉಳಿಯುತ್ತದೆ) ಹೇಳಿಕೊಟ್ಟೆ. 2ರ 11ನೇ ಘಾತದಿಂದ 1 ಕಳೆದರೆ ಸಿಗುವ 2047 = 23 × 89 ಉದಾಹರಣೆ ಚೆನ್ನಾಗಿ ಹಿಡಿಸಿತು: 62 ಅಂದರೆ 2 × 31 ಇದ್ದ ಹಾಗೆ ಇಲ್ಲಿ 2 × 11 = 22, ಎರಡನ್ನೂ 22ರಿಂದ ಭಾಗಿಸಿದರೆ 1 ಉಳಿಯುತ್ತದೆ.

8ರ ನಿಯಮವನ್ನು ಈ ಮಕ್ಕಳಿಗೆ ಸರಳವಾಗಿ ಹೇಗೆ ಹೇಳಲಿ? ಸುಮ್ನೆ ಬಾಯಿಪಾಠ ಮಾಡಿಸಲು ಮನಸ್ಸಿಲ್ಲ. ಗೊತ್ತಿದ್ದವರು ಕನ್ನಡದಲ್ಲೇ ಬರೆದು ಹಾಕಿ. ಕೈಬರಹದ ಫೋಟೋ ಆದರೂ ಸರಿ.