ಅಪ್‌ಡೇಟ್: ಅಪ್ಪನ ಮರೆವಿಗೆ ಕಾರಣ ಸಿಕ್ಕಿತು

ಮೂಡಿಗೆರೆಯಲ್ಲಿರುವ ಅಪ್ಪ ತೋಟದ ಬಟವಾಡೆ ಲೆಕ್ಕದಲ್ಲಿ ಏಕಾಏಕಿ ತಡವರಿಸುತ್ತಿದ್ದಾರೆ, ಇದು ವಯಸ್ಸಿನ ಮರೆವೇ ಎಂದು ಕೇಳಿದ್ದೆನಲ್ಲ, ಅದರ ಮುಂದಿನ ಸಂಗತಿ ಇದು.

ಎಂಆರ್‌ಐ ಮಾಡಿಸಿ ಎಂದವರಿಗೆ ಮೊದಲ ನಮಸ್ಕಾರ. ಹಾಸನದ ನರರೋಗ ತಜ್ಞರು ಚಿತ್ರ ತೋರಿಸಿ, ಮಿದುಳಿನ ಸಣ್ಣ ರಕ್ತನಾಳಗಳು ಅಲ್ಲಲ್ಲಿ ಕಟ್ಟಿಕೊಂಡಿವೆ, ಇದು ವ್ಯಾಸ್ಕುಲರ್ ಡಿಮೆನ್ಶಿಯಾ, ಅಂದರೆ ಮಿದುಳಿಗೆ ರಕ್ತ ಸರಿಯಾಗಿ ಸಿಗದೆ ಯೋಚನೆ, ನೆನಪು ಕುಗ್ಗುವ ಕಾಯಿಲೆ ಎಂದರು. ಮರೆವಿಗೆ ಕಾರಣವಾಗಬಲ್ಲವೆಂದು ಪರೀಕ್ಷಿಸಿದ ವಿಟಮಿನ್ ಬಿ12, ಥೈರಾಯ್ಡ್ ಸರಿಯಾಗಿಯೇ ಇದ್ದವು. ಬ್ರಾಹ್ಮಿ ಲೇಹದಿಂದ ವ್ಯತ್ಯಾಸವೇನೂ ಕಾಣಲಿಲ್ಲ.

ಅಚ್ಚರಿಯಾದದ್ದೆಂದರೆ, ಈ ಕಾಯಿಲೆಯಲ್ಲಿ ನೆನಪಿಗಿಂತ ಮೊದಲೇ ಯೋಚನೆಯ ಚುರುಕು, ಕೆಲಸ ಹೊಂದಿಸುವ ಶಕ್ತಿ ಕುಗ್ಗಬಹುದು. ಅನೇಕರಲ್ಲಿ ಇದು ಮೆಟ್ಟಿಲಿಳಿದಂತೆ: ಕೆಲಕಾಲ ಹಾಗೆಯೇ ಇದ್ದು, ಮತ್ತೆ ಒಮ್ಮೆಲೇ ಕೆಳಗೆ. ಹೋದದ್ದನ್ನು ಮರಳಿಸುವ ಮಾತ್ರೆಯಿಲ್ಲ. ಮುಂದಿನ ಇಳಿತ ತಡೆಯಲು ರಕ್ತದೊತ್ತಡ, ಸಕ್ಕರೆ, ಕೊಲೆಸ್ಟರಾಲ್ ಹತೋಟಿಯಲ್ಲಿರಬೇಕು, ಬೀಡಿ ನಿಲ್ಲಬೇಕು. ಅಪ್ಪ ಬೀಡಿ ಬಿಟ್ಟರು, ದೊಡ್ಡ ಮಾತು! ರಕ್ತದೊತ್ತಡಕ್ಕೆ ಉಪ್ಪು ಒಳ್ಳೆಯದಲ್ಲವೆಂದು ಅಪ್ಪೆಮಿಡಿ ಉಪ್ಪಿನಕಾಯಿ ಬಿಡಿಸಲು ಅಮ್ಮ ಇನ್ನೂ ಹೆಣಗುತ್ತಿದ್ದಾರೆ.

ದಿನಚರಿ ಸರಳಗೊಳಿಸಿ ಎಂಬ ಸಲಹೆ ಬಹಳ ಉಪಕಾರವಾಯಿತು. ಒಂದು ಸಲಕ್ಕೆ ಒಂದೇ ಮಾತು ಹೇಳುತ್ತೇವೆ. ಮಾತ್ರೆಗಳನ್ನು ವಾರದ ಡಬ್ಬಿಯಲ್ಲಿ ಹೊತ್ತಿಗೆ ತಕ್ಕಂತೆ ಇಡುತ್ತೇವೆ. ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ, ಕೈ ಸೋತರೆ ಅದು ಪಾರ್ಶ್ವವಾಯುವಿನ ಸೂಚನೆ, ಕ್ಷಣವೂ ಕಾಯದೆ 108ಕ್ಕೆ ಕರೆ ಮಾಡಲು ವೈದ್ಯರು ಹೇಳಿದ್ದಾರೆ. ಇದನ್ನು ಪಕ್ಕದ ಮನೆಯವರಿಗೂ ತಿಳಿಸಿದ್ದೇನೆ.