ಹುಲಿಗಿ ಬಗ್ಗೆ ಲೇಖನ: ಯಾವ ಪದ ಹಿಡಿದು ಬರೆದ್ರ ಗೂಗಲ್‌ನಾಗ ಸಿಗ್ತೈತಿ?

ಹೊಳಿದಂಡಿ (ಕೊಪ್ಪಳ):
ಹುಲಿಗಿ ಊರಿನ ಗುಡಿ ಬಗ್ಗೆ ನನ್ನ ಸೈಟಿನ್ಯಾಗ ‘ಹುಲಿಗೆಮ್ಮ ದೇವಿ: ಒಂದು ಪರಿಚಯ’ ಅಂತ ಲೇಖನ ಹಾಕಿ ಎರಡು ತಿಂಗಳಾತು. ಹುಡುಕಿ ಬರೋರಿಲ್ಲ. ಯಾವ ಪದ ಎಷ್ಟು ಸಲ ಹುಡುಕ್ತಾರ ಅಂತ ತೋರಿಸೋ ಗೂಗಲ್‌ನ ಕೀವರ್ಡ್ ಪ್ಲ್ಯಾನರ್‌ನಾಗ ಕನ್ನಡ ಪದ ಹಾಕಿದ್ರ ಅಂಕಿನೇ ಬರಂಗಿಲ್ಲ. ಪದ ಹೆಂಗ ಆರಿಸ್ಬೇಕ್ರಿ?

ಎಡದಂಡೆ ಕಾಲುವೆ (ಸಿಂಧನೂರು):
‘ಒಂದು ಪರಿಚಯ’ ಅಂತ ಯಾರೂ ಟೈಪ್ ಮಾಡಂಗಿಲ್ರಿ. ಹುಣ್ಣಿಮೆಗೆ ಹೊಂಟೋರಿಗೆ ಬೇಕಾದ್ದು ದಾರಿ, ಟೈಮು, ಉಳಿಯಾಕ ರೂಮು. ಬ್ರೌಸರ್‌ನಾಗ ಇನ್‌ಕಾಗ್ನಿಟೊ (ಖಾಸಗಿ) ಕಿಟಕಿ ತೆರೆದು (ಇಲ್ಲಾಂದ್ರ ನಿಮ್ಮ ಹಳೇ ಹುಡುಕಾಟನೇ ಎದುರಿಗೆ ಬರ್ತದ) ‘ಹುಲಿಗಿ’ ಬರೆದು, ಸ್ಪೇಸ್ ಬಿಟ್ಟು, ಅ, ಎ, ದ, ರ ಹಿಂಗ ಒಂದೊಂದೇ ಅಕ್ಷರ ಒತ್ತಿ ನೋಡ್ರಿ. ಕೆಳಗ ಬರೋ ಸಲಹೆ ಎಲ್ಲಾ ಶೀಟಿಗೆ ಇಳಿಸ್ರಿ. ‘ಹುಲಗಿ’, ‘ಹುಲಿಗೆಮ್ಮ’, ‘ಹುಲಗೆಮ್ಮ’ ಹಾಕಿ ಅದನ್ನೇ ಮತ್ತ ಮಾಡ್ರಿ. ಇಂಗ್ಲಿಷ್ ಅಕ್ಷರದಾಗ ಕನ್ನಡ ಟೈಪ್ ಮಾಡೋರನ್ನೂ ಮರೀಬ್ಯಾಡ್ರಿ.

ಒಂದು ಮಾತು: ಹತ್ತಿರದ ರೈಲ್ವೆ ಸ್ಟೇಷನ್ ಹೆಸರು ಮುನಿರಾಬಾದ್. ಹೊರಗಿನೋರಿಗೆ ಅದು ಗೊತ್ತಿರಂಗಿಲ್ಲ, ‘ಹುಲಿಗಿ ರೈಲ್ವೆ ಸ್ಟೇಷನ್’ ಅಂತನೇ ಹುಡುಕ್ತಾರ. ಉಪಶೀರ್ಷಿಕೆಗೆ ಅವರ ಪದ ಇಡ್ರಿ, ಮೊದಲ ಸಾಲಿನ್ಯಾಗ ಮುನಿರಾಬಾದ್ ಅಂತ ಹೇಳ್ರಿ.

ಏಕಶಿಲೆ (ಬಳ್ಳಾರಿ):
ಪ್ಲ್ಯಾನರ್ ಇರೋದು ಜಾಹೀರಾತು ಕೊಡುವವರಿಗೆ. ದುಡ್ಡು ಹಾಕದ ಅಕೌಂಟಿಗೆ ‘100ರಿಂದ 1,000’ ಅನ್ನೋ ಥರದ ಅಗಲ ಅಂದಾಜು ಸಿಕ್ಕರೇ ಹೆಚ್ಚು. ಹುಡುಕಾಟದ ಏರಿಳಿತ ತೋರಿಸುವ ಗೂಗಲ್ ಟ್ರೆಂಡ್ಸ್‌ನಲ್ಲಿ ಕಾಣುವ 100 ಕೂಡ ಹುಡುಕಿದವರ ಲೆಕ್ಕ ಅಲ್ಲ. ಆ ಅವಧಿಯ ಗರಿಷ್ಠ ಮಟ್ಟ, ಅಷ್ಟೇ.

ನಿಮಗೆ ಸರ್ಚ್ ಕನ್ಸೋಲ್ (ನಿಮ್ಮ ಸೈಟ್ ಯಾವ ಹುಡುಕಾಟದಲ್ಲಿ ಕಂಡಿತು ಅಂತ ತೋರಿಸುವ ಗೂಗಲ್ ಟೂಲ್) ಸಾಕು. ಪರ್ಫಾರ್ಮೆನ್ಸ್‌ಗೆ ಹೋಗಿ 3 ತಿಂಗಳು ಆರಿಸಿ, ಆವರೇಜ್ ಪೊಸಿಷನ್ (ಸರಾಸರಿ ಸ್ಥಾನ) ಆನ್ ಮಾಡಿ. ಇಂಪ್ರೆಶನ್ (ಫಲಿತಾಂಶದಲ್ಲಿ ಪುಟ ಕಂಡ ಲೆಕ್ಕ) ಇದ್ದೂ ಸ್ಥಾನ 8ರಿಂದ 20ರ ನಡುವೆ ಇರುವ ಪದಗಳನ್ನು ಮೊದಲು ಹಿಡಿಯಿರಿ. ಗೂಗಲ್ ಈಗಾಗಲೇ ನಿಮ್ಮ ಪುಟವನ್ನು ಆ ಪದಕ್ಕೆ ತೋರಿಸುತ್ತಿದೆ, ಪುಟದಲ್ಲಿ ಉತ್ತರ ಸಾಲುತ್ತಿಲ್ಲ ಅಷ್ಟೆ. ತೀರಾ ಅಪರೂಪದ ಹುಡುಕಾಟಗಳನ್ನು ಗೂಗಲ್ ಮುಚ್ಚಿಡುತ್ತದೆ, ಹಾಗಾಗಿ ಪಟ್ಟಿಯ ಕ್ಲಿಕ್ ಕೂಡಿಸಿದರೆ ಮೇಲಿನ ಒಟ್ಟಿಗೆ ತಾಳೆ ಆಗಲ್ಲ.

ಯುಆರ್‌ಎಲ್ (ಪುಟದ ವಿಳಾಸ) ಇಂಗ್ಲಿಷ್ ಅಕ್ಷರದಲ್ಲೇ ಇರಲಿ. ‘ಹುಲಿಗೆಮ್ಮ’ ಅಂದರೆ ಯೂನಿಕೋಡ್‌ನಲ್ಲಿ 9 ಸಂಕೇತ. ಲಿಂಕ್ ಕಾಪಿ ಮಾಡಿದಾಗ ಒಂದೊಂದೂ ಶೇಕಡಾ ಚಿಹ್ನೆ ಸಮೇತ 9 ಅಕ್ಷರ ಆಗಿ, ಒಟ್ಟು 81! ವಾಟ್ಸಾಪ್‌ನಲ್ಲಿ ಅಂಥ ಲಿಂಕ್ ನೋಡಿದವರು ವೈರಸ್ ಅಂದ್ಕೋತಾರೆ. ಮೆಟಾ ಕೀವರ್ಡ್ಸ್ (ಪುಟದ ಕೋಡ್‌ನಲ್ಲಿ ಓದುಗರಿಗೆ ಕಾಣದ ಪದಪಟ್ಟಿ) ತುಂಬೋ ಕೆಲಸ ಬಿಡಿ, ರ‍್ಯಾಂಕಿಂಗ್‌ಗೆ ಅದನ್ನು ಬಳಸಲ್ಲ ಅಂತ ಗೂಗಲ್ 2009ರಲ್ಲೇ ಹೇಳಿದೆ.

ಹೊಳಿದಂಡಿ:
‘ಹುಲಿಗಿ’ಗೊಂದು, ‘ಹುಲಗಿ’ಗೊಂದು ಬ್ಯಾರೆ ಬ್ಯಾರೆ ಪುಟ ಮಾಡ್ಲಾ? ಮತ್ತ ಪ್ರತಿ ಹುಣ್ಣಿಮಿಗೂ ಒಂದೊಂದು?

ಏಕಶಿಲೆ:
ಎರಡೂ ಬೇಡ. ಒಂದೇ ಪ್ರಶ್ನೆಗೆ ಎರಡು ಪುಟ ಇದ್ದರೆ ಒಂದರ ಕಾಲು ಇನ್ನೊಂದು ಎಳೆಯುತ್ತೆ. ಶೀರ್ಷಿಕೆಯಲ್ಲಿ ಒಂದು ರೂಪ, ಮೊದಲ ಪ್ಯಾರಾದಲ್ಲಿ ‘ಹುಲಗಿ ಎಂದೂ ಕರೆಯುತ್ತಾರೆ’ ಅಂತ ಇನ್ನೊಂದು. ಹುಣ್ಣಿಮೆಗೆ ಒಂದೇ ಪುಟ ಇಟ್ಟು ದಿನಾಂಕ ಮಾತ್ರ ಬದಲಿಸಿ, ಒಂದು ವಾರ ಮೊದಲೇ. ಈಗಾಗಲೇ ಎರಡು ಪುಟ ಇದ್ದರೆ ಕಡಿಮೆ ಕ್ಲಿಕ್ ಇರೋದನ್ನ 301 (ಶಾಶ್ವತ ರೀಡೈರೆಕ್ಟ್) ಹಾಕಿ ಇನ್ನೊಂದಕ್ಕೆ ತಿರುಗಿಸಿ.